ಮಧ್ಯಾಹ್ನದ ಡಬ್ಬಿಗೆ ಟ್ಯೂನ-ಟೊಮೆಟೊ ಸಲಾಡ್, ನಮ್ಮ ಬಿಸಿಲಿಗೆ ತಡೆಯುತ್ತಾ?

ಶಿಫ್ಟ್_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಕೆಲಸಕ್ಕೆ ಹೋಗುತ್ತೇನೆ. ಮಧ್ಯಾಹ್ನ ಅನ್ನ-ಸಾರು ಹೊಟ್ಟೆ ತುಂಬ ಹೊಡೆದರೆ ಮೂರು ಗಂಟೆಗೆ ಕಣ್ಣು ಎಳೆಯುತ್ತದೆ, ಅದಕ್ಕೆ ಊಟ ಸ್ವಲ್ಪ ಹಗುರ ಮಾಡೋಣ ಅಂತ. ಟಿನ್‌ನಲ್ಲಿ ಬರುವ ಟ್ಯೂನ ಮೀನು, ಟೊಮೆಟೊ ಹಾಕಿ ಸಲಾಡ್ ಮಾಡಿಕೋ, ಒಲೆ ಹಚ್ಚುವ ಕೆಲಸವೇ ಇಲ್ಲ ಅಂತ ಜಿಮ್ ಗೆಳೆಯ ಹೇಳಿದ. ವಿಡಿಯೋ ನೋಡಿದರೆ ಆಲಿವ್ ಎಣ್ಣೆ, ಮೇಯನೇಸ್, ಲೆಟ್ಯೂಸ್ ಅಂತ ದೊಡ್ಡ ಪಟ್ಟಿ. ಇಷ್ಟೆಲ್ಲ ಬೇಕಾ? ಬೆಳಿಗ್ಗೆ ಏಳಕ್ಕೆ ಕಲಸಿಕೊಂಡು ಹೋದರೆ ಒಂದು ಗಂಟೆಗೆ ತಿನ್ನಬಹುದಾ? ಕೆಲಸದ ಕಡೆ ಫ್ರಿಜ್ ಇಲ್ಲ. ಅಂಗಡಿಯಲ್ಲಿ ಎಣ್ಣೆಯದು, ಉಪ್ಪುನೀರಿನದು, ಬರೀ ನೀರಿನದು ಅಂತ ಮೂರು ಥರ ಇಟ್ಟಿದ್ದಾರೆ, ಯಾವುದು ತಗೊಳ್ಳಲಿ ಅದನ್ನೂ ಹೇಳಿ.

ಗಂಗಾವತಿ_ಅಕ್ಕ

ತಮ್ಮಾ, ಬೆಳಿಗ್ಗೆ ಕಲಸಿ ಮಾತ್ರ ಒಯ್ಯಬೇಡ. ತೆರೆದ ಟ್ಯೂನ ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು, 32 ಡಿಗ್ರಿ ದಾಟಿದರೆ 1 ಗಂಟೆ ಅಷ್ಟೇ. ಬಳ್ಳಾರಿಯಲ್ಲಿ ಮಧ್ಯಾಹ್ನ 32ರ ಒಳಗೆ ಇರುವ ದಿನ ಎಷ್ಟು, ನೀನೇ ಹೇಳು. ಈ ಜಾತಿ ಮೀನು ಬೆಚ್ಚಗೆ ಕೂತರೆ ಹಿಸ್ಟಮಿನ್ ಅನ್ನುವ ವಿಷದಂಥ ಪದಾರ್ಥ ಹುಟ್ಟುತ್ತದೆ. ತಿಂದವರಿಗೆ ಮುಖ ಕೆಂಪಾಗಿ ಉರಿಯುವುದು, ತಲೆನೋವು, ವಾಂತಿ ಬರಬಹುದು. ಆಮೇಲೆ ಕುದಿಸಿದರೂ ಅದು ಹೋಗಲ್ಲ, ವಾಸನೆ ನೋಡಿ ಗೊತ್ತಾಗುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ.

ಹಾಗಂತ ಆಸೆ ಬಿಡಬೇಕಾಗಿಲ್ಲ. ಟಿನ್ ಮುಚ್ಚಿದ್ದನ್ನು ಮುಚ್ಚಿದ ಹಾಗೇ ಬ್ಯಾಗಲ್ಲಿ ಹಾಕಿಕೋ, ತಿನ್ನುವಾಗ ತೆರೆ. ಉಂಗುರ ಎಳೆದು ಬಿಚ್ಚುವ ಟಿನ್ ಸಿಗುತ್ತದೆ, ಅದನ್ನೇ ತಗೋ. ಮುಚ್ಚಳದ ಅಂಚು ಬ್ಲೇಡ್ ಇದ್ದಂಗೆ ಇರುತ್ತದೆ, ಹುಷಾರು.

ಉಳಿದಿದ್ದೆಲ್ಲ ನಮ್ಮ ಪಚಡಿ ಮಾಡುವ ಲೆಕ್ಕವೇ. ಎರಡು ಗಟ್ಟಿ ಟೊಮೆಟೊ ನಾಲ್ಕು ಹೋಳು ಮಾಡಿ, ಹೆಬ್ಬೆರಳಿಂದ ಬೀಜ ರಸ ಎಲ್ಲ ಬಟ್ಟಲಿಗೆ ಕೆರೆದು ತೆಗೆ (ಸಾರಿಗೆ ಹಾಕಿದರಾಯಿತು, ಬಿಸಾಡಬೇಡ), ಉಳಿದ ತಿರುಳನ್ನಷ್ಟೇ ಸೌತೆಕಾಯಿ ಜೊತೆ ಸಣ್ಣಗೆ ಹೆಚ್ಚು. ಇಷ್ಟು ಮಾಡದಿದ್ದರೆ ಮಧ್ಯಾಹ್ನಕ್ಕೆ ಡಬ್ಬಿ ತಳದಲ್ಲಿ ಕೆಂಪು ನೀರು ನಿಂತು, ಸೌತೆಕಾಯಿ ಅದರಲ್ಲಿ ಈಜಾಡುತ್ತಿರುತ್ತದೆ. ಜವಾರಿ ಟೊಮೆಟೊ ರುಚಿ ಅನ್ನುವುದು ನಿಜ, ಆದರೆ ಅದರಲ್ಲಿ ರಸವೂ ಜಾಸ್ತಿ ಹುಳಿಯೂ ಜಾಸ್ತಿ. ಅದನ್ನೇ ಹಾಕುವುದಾದರೆ ನಿಂಬೆಹಣ್ಣು ಕಡಿಮೆ ಹಿಂಡು. ಮನೆಯಲ್ಲಿ ಉಪ್ಪು ಹಾಕಲೇಬೇಡ, ಉಪ್ಪು ಬಿದ್ದ ಕೂಡಲೇ ಎಲ್ಲ ನೀರು ಬಿಡಲು ಶುರು. ಉಳ್ಳಾಗಡ್ಡಿ ಮಾತ್ರ ಬೇರೆ. ತೆಳ್ಳಗೆ ಹೆಚ್ಚಿ, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು ಹಾಕಿ ಸಣ್ಣ ಡಬ್ಬಿಯಲ್ಲಿ ಮುಚ್ಚಿಡು. ಊಟದ ಹೊತ್ತಿಗೆ ಗುಲಾಬಿ ಬಣ್ಣ ಬಂದು ಘಾಟು ಇಳಿದಿರುತ್ತದೆ.

ಲೆಟ್ಯೂಸ್ ಯಾಕೆ? ಎಳೆ ಮೆಂತ್ಯ ಸೊಪ್ಪು ರೊಟ್ಟಿ ಜೊತೆ ಹಸಿದೇ ತಿನ್ನುತ್ತೇವಲ್ಲ, ಅದನ್ನೇ ಹಾಕು. ಆಲಿವ್ ಬದಲು ಗಾಣದ ಕುಸುಬಿ ಎಣ್ಣೆ ಒಂದು ಚಮಚ. ಅಲ್ಲಿ ಹೋಗಿ ಟಿನ್ ಸೋಸಿ, ಎಲ್ಲ ಸೇರಿಸಿ, ಮೆಣಸಿನ ಪುಡಿ ಉದುರಿಸಿ ಕಲಸು. ಟ್ಯೂನ ಜಾಸ್ತಿ ಕಿವುಚಬೇಡ, ಎಸಳು ಎಸಳಾಗಿ ಇದ್ದರೇ ರುಚಿ.

ರಾಯಚೂರು_ಲೇಬಲ್_ಓದುವವ

ಅಕ್ಕಾವರು ಮಾಡುವ ವಿಧಾನ ಸರಿಯಾಗಿ ಹೇಳಿದ್ದಾರೆ. ಟಿನ್ ವಿಷಯ ನಾನು ಹೇಳುತ್ತೇನೆ. ತೂಕ ಇಳಿಸಬೇಕು ಅಂದರೆ ಬರೀ ನೀರಿನದು ತಗೊಳ್ಳಿ. 100 ಗ್ರಾಂ ಟ್ಯೂನದಲ್ಲಿ ಸುಮಾರು 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು ತೀರಾ ಕಡಿಮೆ. ಎಣ್ಣೆಯದು ರುಚಿ ಹೌದು, ಆದರೆ ಎಷ್ಟೇ ಸೋಸಿದರೂ ಮೀನು ಎಣ್ಣೆ ಹೀರಿಕೊಂಡಿರುತ್ತದೆ. ಅದನ್ನು ತಂದರೆ ಮೇಲೆ ಮತ್ತೆ ಕುಸುಬಿ ಎಣ್ಣೆ ಹಾಕಬೇಡಿ. ಉಪ್ಪುನೀರಿನದು ಇದ್ದರೆ ಸೋಸಿದ ಮೇಲೆ ಕುಡಿಯುವ ನೀರಲ್ಲಿ ಒಮ್ಮೆ ತೊಳೆಯಿರಿ, ಬೇರೆ ಉಪ್ಪು ಬೇಕಾಗಲ್ಲ. ಬಿಪಿ ಇರುವವರು ಇದನ್ನು ಮರೆಯಬೇಡಿ.

ಟಿನ್ ಮೇಲೆ 185 ಗ್ರಾಂ ಅಂತ ಇದ್ದರೆ ಅಷ್ಟೂ ಮೀನಲ್ಲ, ನೀರೂ ಸೇರಿದ ತೂಕ ಅದು. ಪಕ್ಕದಲ್ಲಿ ಡ್ರೈನ್ಡ್ ವೇಟ್, ಅಂದರೆ ಸೋಸಿದ ಮೇಲೆ ಉಳಿಯುವ ಮೀನಿನ ತೂಕ, ಅಂತ ಬೇರೆ ಬರೆದಿರುತ್ತಾರೆ, ರೇಟು ಹೋಲಿಸುವಾಗ ಅದನ್ನು ನೋಡಿ. ಉಬ್ಬಿದ ಟಿನ್, ಸೋರುವ ಟಿನ್ ಅರ್ಧ ರೇಟಿಗೆ ಕೊಟ್ಟರೂ ಬೇಡ. ಮುಚ್ಚಿದ ಟಿನ್ ಕೆಡಲ್ಲ ಅಂತ ಬಿಸಿಲಲ್ಲಿ ನಿಂತ ಬೈಕ್ ಡಿಕ್ಕಿಯಲ್ಲಿ ದಿನಗಟ್ಟಲೆ ಇಡುವುದೂ ಬೇಡ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟುತ್ತದೆ, ಡಿಕ್ಕಿ ಒಳಗೆ ಕೇಳಬೇಡಿ.

ಮುನಿರಾಬಾದ್_ಮೀನು

ಡ್ಯಾಮ್ ಪಕ್ಕದಲ್ಲಿ ಇಟ್ಟುಕೊಂಡು ಟಿನ್ ಮೀನು ತಿನ್ನುತ್ತೀರಲ್ಲ ಮಾರಾಯರೇ! ಕಾಟ್ಲಾ ತಂದು ಅರಿಶಿನ ಉಪ್ಪು ಹಾಕಿ ಬೇಯಿಸಿ, ಬಿಡಿಸಿ, ಅದನ್ನೇ ಟೊಮೆಟೊ ಜೊತೆ ಕಲಸಿ. ದುಡ್ಡೂ ಉಳಿಯುತ್ತದೆ, ಮೀನೂ ತಾಜಾ.

ಗಂಗಾವತಿ_ಅಕ್ಕ

ಅಣ್ಣಾ, ಕಾಟ್ಲಾ ಮುಳ್ಳು ಬಿಡಿಸುತ್ತಾ ಕೂತರೆ ಇವರ ಊಟದ ಟೈಮೇ ಮುಗಿಯುತ್ತದೆ. ಬೆನ್ನು, ಬಾಲದ ಕಡೆ ಕವಲು ಮುಳ್ಳು ಜಾಸ್ತಿ, ಹೊಟ್ಟೆ ಭಾಗದಲ್ಲಿ ದೊಡ್ಡ ಮುಳ್ಳಷ್ಟೇ, ಅದಾದರೆ ಪರವಾಗಿಲ್ಲ. ಆದರೆ ಅದೂ ಬೇಯಿಸಿದ ಮೀನು ತಾನೇ, ಬೆಳಿಗ್ಗೆ ಡಬ್ಬಿಗೆ ಹಾಕಿದರೆ ಅದೇ 1 ಗಂಟೆ ಲೆಕ್ಕ. ಭಾನುವಾರ ಮನೆಯಲ್ಲಿ ಮಾಡಿಕೊಂಡು ತಿನ್ನಲಿ ಬಿಡಿ.

ಸಿಂಧನೂರು_ಸೊಸೆ

ನಡುವೆ ಒಂದು ಪ್ರಶ್ನೆ. ಮೇಯನೇಸ್ ಬದಲು ಗಟ್ಟಿ ಮೊಸರು ಹಾಕಬಹುದಾ? ನಮ್ಮತ್ತೆ ಮೀನು ಮೊಸರು ಒಟ್ಟಿಗೆ ಅಂದರೆ ಮನೆಯೊಳಗೇ ಬಿಡಲ್ಲ. ಮತ್ತೆ ನನಗೆ ಈಗ ಐದು ತಿಂಗಳು. ಟ್ಯೂನದಲ್ಲಿ ಪಾದರಸ ಇರುತ್ತದೆ ಅಂತ ಯಾರೋ ಹೆದರಿಸಿದ್ದಾರೆ.

ರಾಯಚೂರು_ಲೇಬಲ್_ಓದುವವ

ಸಮುದ್ರದ ದೊಡ್ಡ ಮೀನುಗಳು ಸಣ್ಣ ಮೀನು ತಿಂದು ಬದುಕುತ್ತವೆ, ಹಾಗಾಗಿ ಪಾದರಸ ಅವುಗಳಲ್ಲಿ ಸೇರುತ್ತಾ ಹೋಗುತ್ತದೆ ತಂಗಿ, ಸುಳ್ಳಲ್ಲ. ಆದರೆ ಎಲ್ಲ ಟ್ಯೂನ ಒಂದೇ ಅಲ್ಲ. ಸ್ಕಿಪ್‌ಜ್ಯಾಕ್ ಅನ್ನುವ ಸಣ್ಣ ಜಾತಿಯಲ್ಲಿ ಕಡಿಮೆ, ಲೈಟ್ ಟ್ಯೂನ ಅಂತ ಮಾರುವ ಟಿನ್ನಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಆಲ್ಬಕೋರ್ ಅಂದರೆ ವೈಟ್ ಟ್ಯೂನದಲ್ಲಿ ಅದಕ್ಕಿಂತ ಜಾಸ್ತಿ. ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ ಬಸುರಿಯರಿಗೆ ಕೊಟ್ಟ ಸಲಹೆ ಪ್ರಕಾರ ಲೈಟ್ ಟ್ಯೂನ ವಾರಕ್ಕೆ 2-3 ಸಲ, ಸಲಕ್ಕೆ ಸುಮಾರು 113 ಗ್ರಾಂ. ಬೇರೆ ಮೀನು ತಿನ್ನುತ್ತಿದ್ದರೆ ಅದೂ ಈ ಲೆಕ್ಕದೊಳಗೇ ಬರಬೇಕು. ಆಲ್ಬಕೋರ್ ಆದರೆ ವಾರಕ್ಕೆ ಒಂದೇ ಸಲ, ಆ ವಾರ ಬೇರೆ ಮೀನು ಬೇಡ. ನಿಮ್ಮ ಡಾಕ್ಟರನ್ನೂ ಒಂದು ಮಾತು ಕೇಳಿಬಿಡಿ. ಟಿನ್ ತೆರೆದು ಉಳಿದರೆ ಸ್ಟೀಲ್ ಅಥವಾ ಗಾಜಿನ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ, 3-4 ದಿನದೊಳಗೆ ಮುಗಿಸಿ.

ಗಂಗಾವತಿ_ಅಕ್ಕ

ಮೊಸರು ಹಾಕಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅತ್ತೆ ಜೊತೆ ಸುಮ್ನೆ ಜಗಳ ಯಾಕೆ? ಈ ಪಚಡಿಗೆ ಮೊಸರೂ ಬೇಡ, ಮೇಯನೇಸೂ ಬೇಡ, ನಿಂಬೆಹಣ್ಣು ಸಾಕು. ದಪ್ಪಗೆ ಬೇಕು ಅನಿಸಿದರೆ ಹುರಿದ ಶೇಂಗಾ ತರಿತರಿ ಕುಟ್ಟಿ ಎರಡು ಚಮಚ ಹಾಕಿ, ಟೊಮೆಟೊ ಬಿಟ್ಟ ನೀರನ್ನೆಲ್ಲ ಅದೇ ಹೀರಿಕೊಳ್ಳುತ್ತದೆ.

ಶಿಫ್ಟ್_ಬಳ್ಳಾರಿ

ಎಲ್ಲರಿಗೂ ಥ್ಯಾಂಕ್ಸ್. ನೀರಿನ ಟಿನ್ ತಂದೆ, ಇನ್ನೂರು ಚಿಲ್ಲರೆ ಆಯಿತು. ದಿನಾ ತಿನ್ನುವ ಬಾಬತ್ತಲ್ಲ ಬಿಡಿ, ವಾರಕ್ಕೆ ಎರಡು ಸಲ ಇಟ್ಟುಕೊಳ್ಳುತ್ತೇನೆ. ಕೊನೆಯದಾಗಿ ಒಂದು: ಬರೀ ಇದು ತಿಂದರೆ ಸಂಜೆವರೆಗೆ ಹೊಟ್ಟೆ ತಡೆಯುತ್ತಾ? ಮತ್ತೆ ನಮ್ಮ ಊಟದ ರೂಮಲ್ಲಿ ಮೀನು ತಿನ್ನದವರೂ ಕೂರುತ್ತಾರೆ, ವಾಸನೆಗೆ ಏನು ಮಾಡಲಿ?

ಗಂಗಾವತಿ_ಅಕ್ಕ

ತಡೆಯಲ್ಲ. ಜೋಳದ ರೊಟ್ಟಿ ಒಂದೋ ಎರಡೋ ಜೊತೆಗಿರಲಿ, ಕಟಕ ರೊಟ್ಟಿ ಆದರೆ ಇನ್ನೂ ಅನುಕೂಲ, ಮುರಿದು ಮುರಿದು ಅದರಲ್ಲೇ ತೋಡಿಕೊಂಡು ತಿನ್ನಬಹುದು. ಮೊಳಕೆ ಬಂದ ಮಡಕಿ ಕಾಳು ಒಂದು ಹಿಡಿ ಬೇಯಿಸಿ ಹಾಕಿದರೂ ನಡೆಯುತ್ತದೆ, ಆದರೆ ಬೆಳಿಗ್ಗೆ ಬೇಯಿಸಿ ಬಿಸಿಬಿಸಿ ಡಬ್ಬಿ ಮುಚ್ಚಬೇಡ, ಹಳಸುತ್ತದೆ. ವಾಸನೆಗೆ ಏನಿಲ್ಲ, ಕಿಟಕಿ ಪಕ್ಕ ಕೂತುಕೋ, ಟಿನ್ನಿನ ನೀರು ಊಟದ ರೂಮಿನ ಸಿಂಕಿಗೆ ಚೆಲ್ಲಬೇಡ, ಖಾಲಿ ಟಿನ್ ಕವರಲ್ಲಿ ಗಂಟು ಕಟ್ಟಿ ಹೊರಗಿನ ಕಸದ ಬುಟ್ಟಿಗೆ ಹಾಕು.