ಅಪ್‌ಡೇಟ್: ಮಂಡಿ ನೋವಿರುವ ಭಾವನ ಜೊತೆ ಗ್ರ್ಯಾಂಡ್ ಕ್ಯಾನ್ಯನ್ ಇಳಿದು ಹತ್ತಿದೆವು

ಇಳಿಜಾರಿನಲ್ಲಿ ಮಂಡಿ ನೋಯುವ ಭಾವನನ್ನು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದಲ್ಲಿರುವ ಕೊಲೊರಾಡೊ ನದಿವರೆಗೆ ಕರೆದುಕೊಂಡು ಹೋಗಬಹುದಾ ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದೆವು, ಇಬ್ಬರೂ ಆರಾಮಾಗಿದ್ದೇವೆ.

ಕೆಲಸಕ್ಕೆ ಬಂದದ್ದು ಎರಡು ಕೈಗೂ ಕೋಲು ಹಿಡಿಯಿರಿ ಅನ್ನೋ ಸಲಹೆ. ನಾವು ಇಳಿದ ಸೌತ್ ಕೈಬಾಬ್ ದಾರಿಯಲ್ಲಿ ಮರದ ದಿಮ್ಮಿ ಅಡ್ಡ ಹಾಕಿದ ಎತ್ತರದ ಮೆಟ್ಟಿಲುಗಳಿವೆ. ಭಾವ ಮೊದಲು ಕೋಲುಗಳನ್ನು ಕೆಳಗೆ ಊರಿ, ಭಾರ ಕೈಗೆ ಕೊಟ್ಟು, ಆಮೇಲೆ ಕಾಲಿಡುತ್ತಿದ್ದರು. ಮಂಡಿಪಟ್ಟಿ ಮಾತ್ರ ಉಪಯೋಗಕ್ಕೆ ಬರಲಿಲ್ಲ, ಬೆವರಿಗೆ ಜಾರಿ ಜಾರಿ ಮೀನಖಂಡಕ್ಕೆ ಬರುತ್ತಿತ್ತು.

ಒಂದೇ ದಿನದಲ್ಲಿ ಇಳಿದು ಹತ್ತಬೇಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಪರ್ಮಿಟ್ ಸಿಕ್ಕಿತು, ಕೆಳಗೇ ಟೆಂಟ್ ಹಾಕಿ ಮಲಗಿದೆವು. ಸಂಜೆ ಭಾವ ಬ್ರೈಟ್ ಏಂಜಲ್ ತೊರೆಯ ತಣ್ಣನೆ ನೀರಲ್ಲಿ ಕಾಲು ಇಳಿಬಿಟ್ಟು ಕೂತವರು ಏಳಲೇ ಇಲ್ಲ! ಆದರೆ ಕೊಲೊರಾಡೊ ನದಿಗೆ ಮಾತ್ರ ಇಳಿಯಬೇಡಿ. ಸೆಳೆತ ಜಾಸ್ತಿ, ನೀರು ಕೊರೆಯುತ್ತದೆ.

ಗೊತ್ತಿಲ್ಲದ ಒಂದು ವಿಷಯ ಅಲ್ಲಿ ಕಲಿತೆವು. ಬಿಸಿಲಲ್ಲಿ ಏನೂ ತಿನ್ನದೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದಂತೆ. ಅದಕ್ಕೇ ದಾರಿಯುದ್ದಕ್ಕೂ ಕಾಂಗ್ರೆಸ್ ಕಡ್ಲೆ ಮೆಲ್ಲುತ್ತಿದ್ದೆವು.

ಹತ್ತುವಾಗ ಬ್ರೈಟ್ ಏಂಜಲ್ ದಾರಿಯನ್ನೇ ಹಿಡಿಯಿರಿ. ಸುಮಾರು 15 ಕಿ.ಮೀ., ಉದ್ದ ಜಾಸ್ತಿ, ಆದರೆ ನಡುವೆ ಹವಾಸುಪೈ ಗಾರ್ಡನ್ಸ್ ಅನ್ನೋ ತಂಗುವ ಜಾಗದಲ್ಲಿ ನೆರಳೂ ಕುಡಿಯುವ ನೀರೂ ಇದೆ. ಕೈಬಾಬ್ ದಾರಿಯಲ್ಲಿ ನೀರೇ ಇಲ್ಲ. ಬ್ರೈಟ್ ಏಂಜಲ್‌ನಲ್ಲೂ ಪೈಪ್ ಒಡೆದು ನೀರು ನಿಲ್ಲುವುದುಂಟು, ಹೊರಡುವ ದಿನ ರೇಂಜರ್‌ಗಳನ್ನು (ಪಾರ್ಕ್ ಸಿಬ್ಬಂದಿ) ಕೇಳಿಯೇ ಇಳಿಯಿರಿ.