ಒಂದು ಗ್ರಾಂ ಲೋಹ, ಒಂದು ಷಷ್ಟಿಪೂರ್ತಿ

ಮಳೆ ಬಿಡುವು ಕೊಡದೆ ಸುರಿಯುತ್ತಿದ್ದುದರಿಂದ ತೀರ್ಥಹಳ್ಳಿ ಕಡೆಯ ಭಾವನ ಮನೆಯ ಜಗಲಿಯಲ್ಲಿ ನಾವು ನಾಲ್ವರು ಕವಳದ ತಟ್ಟೆಯನ್ನು ನಡುವೆ ಇಟ್ಟುಕೊಂಡು ಕುಳಿತಿದ್ದೆವು. ಭಾವನ ಕೈಯಲ್ಲಿ ಮಣ್ಣು ಪರೀಕ್ಷೆಯ ಚೀಟಿಯಿತ್ತು. "ಗೊಬ್ಬರ ಯಾವುದೆಂದು ಕೇಳಿದರೆ ಸುಣ್ಣ ಹಾಕಿ ಎಂದು ಬರೆದಿದ್ದಾರೆ. ಸುಣ್ಣವನ್ನು ಎಲೆಗೆ ಹಚ್ಚುವುದು ನನಗೆ ಗೊತ್ತು, ಅಲಸಂದೆಗೆ ಹಚ್ಚುವುದು ಗೊತ್ತಿಲ್ಲ" ಎಂದು ಅವರು ಗೊಣಗಿದರು.

ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. ಅವರು ಕನ್ನಡಕ ಸರಿಪಡಿಸಿಕೊಂಡರೆ ಒಂದು ಗಂಟೆ ಹೋಯಿತೆಂದೇ ಅರ್ಥ.

"ಭಾವ, ನಿಮ್ಮ ಹಿತ್ತಲಿನಲ್ಲಿ ಮಾಲಿಬ್ಡಿನಂ ಎಂಬ ಲೋಹ ಸೆರೆಯಲ್ಲಿದೆ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಅದರಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಧಾರಾಳ. ಮಣ್ಣು ಹುಳಿಯಾದಷ್ಟೂ ಅವು ಈ ಲೋಹವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಸುಣ್ಣ ಬಿದ್ದು ಹುಳಿ ಇಳಿದಾಗ ಹಿಡಿತ ಸಡಿಲವಾಗಿ ಅದು ಬೇರಿಗೆ ಸಿಗುತ್ತದೆ."

"ಹೆಸರನ್ನು ಹೇಳುವಷ್ಟರಲ್ಲಿ ಕವಳ ಉಗುಳಬೇಕಾಯಿತು" ಎಂದರು ಭಾವ. "ಆ ಹೆಸರು ಎಲ್ಲಿಯದು?"

"ಗ್ರೀಕರ ಸೀಸದ ಹೆಸರು. ಅದಿರು ನೋಡಲು ಸೀಸದ ಹಾಗೂ ಗ್ರಾಫೈಟಿನ ಹಾಗಿದ್ದುದರಿಂದ ಜನ ಮೋಸ ಹೋಗಿದ್ದರು. ಇದು ಬೇರೆಯೇ ಎಂದು 1778ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ತೋರಿಸಿದ. 1781ರಲ್ಲಿ ಹ್ಜೆಲ್ಮ್ ಲೋಹವನ್ನು ಬೇರ್ಪಡಿಸಿದ. ಆದರೆ ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾಗಳಿಗೆ ಇದು ಬೇಕೆಂದು ಬೋರ್ಟೆಲ್ಸ್ ತೋರಿಸಿದ್ದು 1930ರಲ್ಲಿ. ಟೊಮೆಟೊ ಗಿಡಕ್ಕೂ ಇದಿಲ್ಲದೆ ಬಾಳಿಲ್ಲವೆಂದು 1939ರಲ್ಲಿ ಆರ್ನನ್ ಮತ್ತು ಸ್ಟೌಟ್ ಹೇಳಿದರು. ಲೋಹ ಸಿಕ್ಕಿ ಒಂದೂವರೆ ಶತಮಾನ ಕಳೆದ ಮೇಲೆ ಅದಕ್ಕೊಂದು ಉದ್ಯೋಗವಿದೆಯೆಂದು ತಿಳಿಯಿತು!"

"ನಮ್ಮ ಹುಡುಗರಿಗಿಂತ ವಾಸಿ, ಸಿಕ್ಕಿತಲ್ಲ" ಎಂದೆ ನಾನು. ಯಾರೂ ನಗಲಿಲ್ಲ.

ಮೇಷ್ಟ್ರು ಮುಂದುವರಿದರು. ಅಲಸಂದೆಯ ಬೇರಿನ ಗಂಟಿನಲ್ಲಿರುವ ಅಂಥ ಬ್ಯಾಕ್ಟೀರಿಯಾಗಳಲ್ಲಿ ನೈಟ್ರೋಜಿನೇಸ್ ಎಂಬ ಕಿಣ್ವವಿದೆ. ಅದರ ಹೃದಯದಲ್ಲಿ ಏಳು ಕಬ್ಬಿಣ, ಒಂಬತ್ತು ಗಂಧಕ, ಒಂದು ಇಂಗಾಲ, ಒಂದೇ ಒಂದು ಮಾಲಿಬ್ಡಿನಂ ಪರಮಾಣುಗಳ ಗೊಂಚಲು. ಕಾರ್ಖಾನೆಯಲ್ಲಿ ಭಾರಿ ಒತ್ತಡ ಮತ್ತು ಶಾಖದಿಂದ ಮಾಡುವ, ಯೂರಿಯಾ ಗೊಬ್ಬರಕ್ಕೆ ಮೂಲವಾದ ಅಮೋನಿಯವನ್ನು ಈ ಗೊಂಚಲು ಕೊಟ್ಟಿಗೆಯ ಪಕ್ಕದ ತಣ್ಣನೆಯ ಕೆಸರಿನಲ್ಲಿ ಮಾಡುತ್ತದೆ. ಈ ಮಾತಿಗೆ ಮಾತ್ರ ಭಾವ ಕವಳ ಜಗಿಯುವುದನ್ನು ನಿಲ್ಲಿಸಿದರು. ಯೂರಿಯಾ ಚೀಲದ ಲೆಕ್ಕ ಅವರ ಮನಸ್ಸಿಗೆ ಬಂದಿರಬೇಕು.

ಅಷ್ಟು ಹೊತ್ತು ಸುಮ್ಮನಿದ್ದ ಡಾಕ್ಟರು ಬಾಯಿ ತೆರೆದರು. "ಭಾವ, ನಿಮ್ಮ ದೇಹದಲ್ಲೂ ಅದಿದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 45 ಮೈಕ್ರೋಗ್ರಾಂ. ಒಂದು ಗ್ರಾಂ ಇದ್ದರೆ ಅರವತ್ತು ವರ್ಷಕ್ಕೆ ಸಾಕು."

"ಹಾಗಾದರೆ ಮಗುವಿನ ನಾಮಕರಣದ ದಿನವೇ ಒಂದು ಗ್ರಾಂ ಕಟ್ಟಿಕೊಟ್ಟರೆ ಷಷ್ಟಿಪೂರ್ತಿಯವರೆಗೆ ಚಿಂತೆಯಿಲ್ಲ."

"ಕಟ್ಟಿಕೊಡಬೇಕಾಗಿಲ್ಲ, ಬೇಳೆಕಾಳು ತಿಂದರೆ ಬರುತ್ತದೆ. ಗಂಧಕವಿರುವ ಅಮೈನೋ ಆಮ್ಲಗಳು ದೇಹದಲ್ಲಿ ಒಡೆಯುವಾಗ ಹುಟ್ಟುವ ವಿಷಕಾರಿ ಸಲ್ಫೈಟನ್ನು ಸಲ್ಫೇಟಾಗಿ ಮಾಡುವುದು ಇದನ್ನೇ ಹೊತ್ತ ಕಿಣ್ವ. ಯೂರಿಕ್ ಆಮ್ಲವನ್ನು ಮಾಡುವ ಕಿಣ್ವದಲ್ಲೂ ಇದೇ ಇದೆ."

ಭಾವ ಕಾಲಿನ ಊದಿದ ಹೆಬ್ಬೆರಳನ್ನು ಮುಂದಕ್ಕೆ ಚಾಚಿದರು. "ಮೂರು ತಿಂಗಳಿನಿಂದ ನನ್ನನ್ನು ಕುಂಟಿಸಿದವನು ಇವನೇ! ಇವನಿಗೆ ಸುಣ್ಣ ಹಾಕಿ ಬಿಡಿಸುವುದೆಂದರೆ ಕಳ್ಳನಿಗೆ ಬಾಗಿಲು ತೆರೆದ ಹಾಗೆ."

"ಲೋಹದ ತಪ್ಪಲ್ಲ" ಎಂದರು ಡಾಕ್ಟರು. "ಯೂರಿಕ್ ಆಮ್ಲ ಎಲ್ಲರಲ್ಲೂ ಹುಟ್ಟುತ್ತದೆ, ನಿಮ್ಮಲ್ಲಿ ಅದು ಹೊರಹೋಗದೆ ಉಳಿದು ಕೀಲಿನಲ್ಲಿ ಹರಳುಗಟ್ಟಿದೆ. ನಾನು ಬರೆದುಕೊಟ್ಟ ಅಲೊಪ್ಯುರಿನಾಲ್ ಮಾತ್ರೆಯನ್ನು ಆ ಕಿಣ್ವ ತಾನೇ ಬದಲಾಯಿಸುತ್ತದೆ. ಹಾಗೆ ಬದಲಾದದ್ದು ಹೋಗಿ ಅದರ ಮಾಲಿಬ್ಡಿನಮ್ಮಿಗೇ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಮಾತ್ರೆ ತಪ್ಪದೆ ನುಂಗುತ್ತಿದ್ದೀರಷ್ಟೇ?"

ಭಾವ ಮಳೆಯ ಕಡೆ ನೋಡಿದರು. ನಮಗೆ ಉತ್ತರ ಸಿಕ್ಕಿತು.

ಮಾತು ಬದಲಿಸುವುದಕ್ಕೋ ಏನೋ, ಅವರು ಗೊರಬಲನ್ನು ತಲೆಗೇರಿಸಿ ಹಿತ್ತಲಿಗೆ ಕುಂಟಿ, ಎರಡು ಅಲಸಂದೆ ಗಿಡಗಳನ್ನು ಕಿತ್ತು ತಂದರು. ಒಂದು ಹಳೆಯ ಬೂದಿಗುಂಡಿಯ ಪಕ್ಕದ್ದು, ಇನ್ನೊಂದು ದರೆಯ ಅಂಚಿನದು. ಗಂಟಿನ ಒಳಗೆ ನಸುಗೆಂಪಿದ್ದರೆ ಅದು ದುಡಿಯುತ್ತಿದೆ ಎಂದು ಮೇಷ್ಟ್ರು ಹೇಳಿದ್ದೇ ತಡ, ಭಾವ ಅಡಕತ್ತರಿಯಲ್ಲೇ ಗಂಟುಗಳನ್ನು ಸೀಳಿದರು. ಬೂದಿಯ ಬದಿಯದು ಗುಲಾಬಿ, ದರೆಯದು ಪೇಲವ.

"ಬೂದಿಯೂ ಹುಳಿಯನ್ನು ಇಳಿಸುತ್ತದೆ" ಎಂದು ಮೇಷ್ಟ್ರು ಬೀಗಿದರು. ಡಾಕ್ಟರು ಎರಡು ಗಿಡದಿಂದ ಏನೂ ಸಾಬೀತಾಗುವುದಿಲ್ಲ, ಬೂದಿಯಲ್ಲಿ ಇನ್ನೂ ಹತ್ತು ಸತ್ವಗಳಿವೆ ಎಂದು ತಕರಾರು ತೆಗೆದರು. ನನಗೂ ಹಾಗೆಯೇ ಅನಿಸಿತು. ಭಾವ ಯಾರ ಮಾತನ್ನೂ ಕೇಳದೆ ಕವಳದ ಸುಣ್ಣದ ಡಬ್ಬಿಯನ್ನು ಹಿಡಿದು ಮತ್ತೆ ಹಿತ್ತಲಿಗೆ ಹೊರಟಿದ್ದರು.

ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ ಕೇಳಿತು: "ನಾಳೆಯ ಪಲ್ಯಕ್ಕೆಂದು ಬಿಟ್ಟಿದ್ದ ಅಲಸಂದೆಯನ್ನು ಕಿತ್ತವರು ಯಾರು?"