ಸಹಾಯ ಬೇಕು: ಅಮ್ಮನ ವೀಣೆ ಕೇಳುವಾಗ ನಡುನಡುವೆ ‘ಟಕ್’ ಶಬ್ದ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಅಮ್ಮ ನುಡಿಸಿದ ವೀಣೆಯ ಹಳೇ ಕ್ಯಾಸೆಟ್‌ಗಳನ್ನು ಹೋದ ತಿಂಗಳು ಕಂಪ್ಯೂಟರ್‌ಗೆ ಹಾಕಿಸಿದೆ. ಸಿಡಿಯ ಲೆಕ್ಕವೇ, ಸೆಕೆಂಡಿಗೆ 44,100 ಸ್ಯಾಂಪಲ್ (ನಾದದ ಅಳತೆ). ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ನಾದದ ಸಿಗ್ನಲ್ ಮಾಡುವ ಪೆಟ್ಟಿಗೆ) ಮೂಲಕ ಕೇಳಿದರೆ ಸುಮಾರು 20 ಸೆಕೆಂಡಿಗೊಮ್ಮೆ ‘ಟಕ್’ ಅನ್ನುತ್ತದೆ, ಒಂದು ಚೂರು ನಾದ ಹಾರಿಹೋಗುತ್ತದೆ. ನಿಧಾನವಾಗಿ ಎಳೆದ ಗಮಕದ ನಡುವೆ ಹೀಗಾದರೆ ಎಷ್ಟು ಸಂಕಟ ಗೊತ್ತಾ? ತಾಳ ಹಾಕುತ್ತಿದ್ದ ಕೈ ಹಾಗೇ ನಿಲ್ಲುತ್ತದೆ.

ಅದೇ ಫೈಲ್ ಫೋನಿನಲ್ಲಿ ಸರಿಯಾಗಿದೆ. ಕೇಬಲ್ ಬದಲಾಯಿಸಿದೆ, ಉಪಯೋಗವಿಲ್ಲ. ಇದು ಜಿಟ್ಟರ್ ಅಂತ ಒಬ್ಬರು ಹೇಳಿದರು. ಆದರೆ ಜಿಟ್ಟರ್ ಅಂದರೆ ಸ್ಯಾಂಪಲ್‌ಗಳ ಹೊತ್ತಿನಲ್ಲಿ ಆಗುವ ತೀರಾ ಸಣ್ಣ ಏರುಪೇರು. ಅದು ಇಷ್ಟು ಸ್ಪಷ್ಟವಾಗಿ ‘ಟಕ್’ ಅನ್ನುವುದಿಲ್ಲ ಅಲ್ವಾ? ಸೆಟ್ಟಿಂಗ್ 48,000 ಇತ್ತು, 44,100ಕ್ಕೆ ತಂದೆ. ಬಫರ್, ಅಂದರೆ ಸ್ಯಾಂಪಲ್‌ಗಳನ್ನು ಮುಂಚಿತವಾಗಿ ತುಂಬಿಡುವ ಜಾಗ, ದೊಡ್ಡದು ಮಾಡಿದೆ. ಎರಡು ‘ಟಕ್’ಗಳ ನಡುವಿನ ಅಂತರ ಜಾಸ್ತಿಯಾಯಿತು, ಶಬ್ದ ನಿಲ್ಲಲಿಲ್ಲ. ಕಂಪ್ಯೂಟರ್‌ನ ಗಡಿಯಾರಕ್ಕೂ ಡ್ಯಾಕ್‌ನ ಗಡಿಯಾರಕ್ಕೂ ತಾಳೆಯಾಗದೆ ಬಫರ್ ಖಾಲಿಯಾಗುತ್ತಿದೆ ಅಂತ ನನ್ನ ಅನುಮಾನ.

ನನ್ನ ಡ್ಯಾಕ್ ಹಳೆಯದು. ಅಸಿಂಕ್ರೊನಸ್ ಯುಎಸ್‌ಬಿ ಇರುವುದರಲ್ಲಿ ಡ್ಯಾಕ್‌ನ ಗಡಿಯಾರವೇ ಯಜಮಾನ, ಕಂಪ್ಯೂಟರ್ ಅದು ಕೇಳಿದಷ್ಟು ಕೊಡುತ್ತದೆ. ಮೈಸೂರಲ್ಲೋ ಮಂಡ್ಯದಲ್ಲೋ ಅಂಥದ್ದು ಇರುವವರು ಅರ್ಧ ಗಂಟೆ ನನ್ನ ಫೈಲ್ ಹಾಕಿ ನೋಡಲು ಬಿಡುತ್ತೀರಾ? ಲ್ಯಾಪ್‌ಟಾಪ್ ತೆಗೆದುಕೊಂಡು ನಾನೇ ಬರುತ್ತೇನೆ. ಸುಮ್ನೆ ದುಡ್ಡು ಹಾಕುವ ಮೊದಲು ಖಚಿತ ಮಾಡಿಕೊಳ್ಳಬೇಕು.